ವಿದ್ಯುತ್ತಿನ ತಕ್ಕಡಿಯೂ ಕಾರ್ಮಿಕನ ಪಾಲೂ

ಹೊತ್ತಿಗೊಂದು ದರ ಎಂಬ ಪದ್ಧತಿ ವಿದ್ಯುಚ್ಛಕ್ತಿಯ ವಿಷಯದಲ್ಲಿ ಈಗ ನಮ್ಮ ದೇಶದಲ್ಲೆಲ್ಲ ಕಾಲೂರುತ್ತಿದೆ. 2023ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿತು. 10 ಕಿಲೋವಾಟಿಗಿಂತ ಹೆಚ್ಚು ಬೇಡಿಕೆಯುಳ್ಳ ಹೋಟೆಲು, ಅಂಗಡಿ, ಕಾರ್ಖಾನೆಗಳಿಗೆ 2024ರ ಏಪ್ರಿಲ್ 1ರಿಂದ, ಬೇಸಾಯವೊಂದನ್ನು ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲ್ 1ರಿಂದ, ಹೊತ್ತಿಗೆ ತಕ್ಕ ದರ ಇರಬೇಕೆಂದು ಆ ತಿದ್ದುಪಡಿ ಹೇಳಿತು. ಬಿಸಿಲಿರುವ ಹೊತ್ತಿನಲ್ಲಿ ದರ ಕಡಿಮೆ; ಬೇಡಿಕೆ ಏರಿದ ಹೊತ್ತಿನಲ್ಲಿ ಹೆಚ್ಚು. ವ್ಯಾಪಾರಕ್ಕೂ ಕೈಗಾರಿಕೆಗೂ ಆ ಏರಿದ ಹೊತ್ತಿನ ದರ ಸಾಮಾನ್ಯ ದರದ 1.2 ಪಾಲಿಗಿಂತ ಕಡಿಮೆ ಇರಕೂಡದೆಂಬುದು ನಿಯಮ.

ಇದು ಧನಿಗಳ ಲೆಕ್ಕದ ಪುಸ್ತಕಕ್ಕೆ ಸೇರಿದ ಮಾತು, ನಮಗೇನು ಎಂದು ನಮ್ಮ ಕಾರ್ಮಿಕ ಬಂಧುಗಳು ಕೇಳಬಹುದು. ಬಿಲ್ಲು ಕಟ್ಟುವವರು ಧನಿಗಳೇ ನಿಜ. ಆದರೆ ಬಿಲ್ಲು ಇಳಿಸಲು ಗ್ರೈಂಡರಿನ ಹೊತ್ತು ಬದಲಾದರೆ, ಅದರ ಮುಂದೆ ನಿಲ್ಲುವವನ ಹೊತ್ತೂ ಬದಲಾಗುತ್ತದೆ. ಮಗ್ಗ ನಿಂತರೆ ಮಗ್ಗದವನ ಕೂಲಿ ನಿಲ್ಲುತ್ತದೆ. ಆದ್ದರಿಂದ ಈ ಪದ್ಧತಿ ಏಕೆ ಬಂತು, ಅದರಿಂದ ದೇಶಕ್ಕೆ ಏನು ಲಾಭ, ಅದರ ಭಾರ ಯಾರ ಹೆಗಲಿಗೆ ಬೀಳಲಿದೆ ಎಂಬುದನ್ನು ನಾವು ಈಗಲೇ ತಿಳಿದುಕೊಳ್ಳುವುದು ಅವಶ್ಯ.

ಮೊದಲು ಕರೆಂಟಿನ ಸ್ವಭಾವವನ್ನು ನೋಡೋಣ. ಅಕ್ಕಿಯನ್ನು ಮೂಟೆ ಕಟ್ಟಿ ಕೊಠಡಿಯಲ್ಲಿಡಬಹುದು. ಕರೆಂಟನ್ನು ಹಾಗೆ ಇಡುವುದು ಕಷ್ಟ. ಬ್ಯಾಟರಿಯಲ್ಲಿ ಕೂಡಿಡಲು ಬರುತ್ತದೆಯಾದರೂ ದೇಶದ ಖರ್ಚಿನ ಮುಂದೆ ಅದು ಇಂದಿಗೂ ಅಲ್ಪವೇ. ಈ ಕ್ಷಣದಲ್ಲಿ ದೇಶದವರೆಲ್ಲ ಎಷ್ಟು ಬಳಸುತ್ತಾರೋ ಅಷ್ಟನ್ನು ಈ ಕ್ಷಣದಲ್ಲೇ ಹುಟ್ಟಿಸಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು.

ಹಳೆಯ ಗಿರಣಿಗಳ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಉಗಿಯಂತ್ರ, ಅದರಿಂದ ಹೊರಟ ಉದ್ದನೆಯ ಶಾಫ್ಟು, ಶಾಫ್ಟಿನಿಂದ ಮಗ್ಗಮಗ್ಗಕ್ಕೂ ಚರ್ಮದ ಪಟ್ಟಾ. ಎಲ್ಲ ಮಗ್ಗಗಳನ್ನೂ ಒಮ್ಮೆಗೇ ಹೂಡಿದರೆ ಯಂತ್ರ ಮುಕ್ಕುತ್ತಿತ್ತು, ಶಾಫ್ಟು ನಿಧಾನವಾಗುತ್ತಿತ್ತು. ಮಗ್ಗಗಳನ್ನು ಒಮ್ಮೆಗೇ ಬಿಡಿಸಿದರೆ ಓಟ ಹೆಚ್ಚುತ್ತಿತ್ತು. ದೇಶದ ವಿದ್ಯುತ್ ಜಾಲವೂ ಅಂಥದೇ ಒಂದು ಶಾಫ್ಟು. ಅದರ ಓಟದ ಅಳತೆಗೆ ಆವರ್ತನವೆಂದು ಹೆಸರು. ನಮ್ಮಲ್ಲಿ ಅದು ಸೆಕೆಂಡಿಗೆ 50. ಹಿಂದೆ 50 ಸೈಕಲ್ ಎನ್ನುತ್ತಿದ್ದುದನ್ನೇ ಈಗ 50 ಹರ್ಟ್ಸ್ ಎನ್ನುತ್ತಾರೆ. ಬೇಡಿಕೆ ಹೆಚ್ಚಿದರೆ ಈ ಅಂಕೆ ಇಳಿಯುತ್ತದೆ, ಬೇಡಿಕೆ ಕುಸಿದರೆ ಏರುತ್ತದೆ. ನಮ್ಮ ದೇಶದ ನಿಯಮದಂತೆ ಅದು 49.90ಕ್ಕೂ 50.05ಕ್ಕೂ ನಡುವೆ ನಿಲ್ಲಬೇಕು. ಎಷ್ಟು ಕಿರಿದಾದ ಹಾದಿ ಎಂಬುದನ್ನು ವಾಚಕರು ಗಮನಿಸಬೇಕು.

ಈ ಶಾಫ್ಟು ಇಂದು ಇಡೀ ದೇಶಕ್ಕೆ ಒಂದೇ. 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ಉಳಿದ ಭಾರತದ ಜಾಲಕ್ಕೆ ಬೆಸೆದ ತಂತಿ ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋದದ್ದು. ರಾಯಚೂರಿನ ಕಡೆಯವರೂ ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದ ಕನ್ನಡಿಗರೂ ಇದನ್ನು ಅಭಿಮಾನದಿಂದ ನೆನೆಯಬಹುದು. ಇಂದು ಮಾಟುಂಗಾದ ಹೋಟೆಲಿನ ಗ್ರೈಂಡರು, ಭಿವಂಡಿಯ ಮಗ್ಗ, ಗುವಾಹಾಟಿಯ ಪಂಪು ಎಲ್ಲವೂ ಒಂದೇ ತಾಳಕ್ಕೆ ತಿರುಗುತ್ತಿವೆ. 2024ರ ಮೇ 30ರಂದು ಈ ಜಾಲ ಹೊತ್ತ ಭಾರ ಸುಮಾರು 2,50,000 ಮೆಗಾವಾಟ್.

ತಾಳ ತಪ್ಪಿದರೆ ಏನಾಗುತ್ತದೆ? 2012ರ ಜುಲೈ 30 ಮತ್ತು 31ರಂದು ಆದದ್ದನ್ನು ದೇಶ ಮರೆತಿಲ್ಲ. ಮೊದಲ ದಿನ ಉತ್ತರದ ಜಾಲ ಬಿತ್ತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನರಿದ್ದ ಪ್ರದೇಶ ಕತ್ತಲಾಯಿತು. ಪಶ್ಚಿಮ ಬಂಗಾಳದ ಕಲ್ಲಿದ್ದಲ ಗಣಿಗಳಲ್ಲಿ ಲಿಫ್ಟು ನಿಂತು ಸುಮಾರು 200 ಮಂದಿ ಕಾರ್ಮಿಕರು ನೆಲದೊಳಗೆ ಸಿಕ್ಕಿಕೊಂಡರು. ಅವರನ್ನು ಮೇಲೆ ತಂದದ್ದು ಗಂಟೆಗಳಾದ ಮೇಲೆ. ಮುಖ್ಯ ತಂತಿಯೊಂದು ಕಡಿದುಕೊಂಡದ್ದು ಮೊದಲ ಪೆಟ್ಟು. ಆದರೆ ಆವರ್ತನ ಕುಸಿದಾಗ ಭಾರವನ್ನು ತಾನಾಗಿ ಇಳಿಸಬೇಕಾಗಿದ್ದ ರಿಲೇಗಳಿಂದ ಸಾಕಷ್ಟು ನೆರವು ಸಿಗಲಿಲ್ಲವೆಂದು ತನಿಖಾ ಸಮಿತಿ ಹೇಳಿತು. ನಮ್ಮ ಮುಂಬಯಿಯೂ 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಂಥ ದಿನ ಕಂಡಿತು. ನಗರಕ್ಕೆ ಕರೆಂಟು ತರುವ ತಂತಿಗಳು ಕೈಕೊಟ್ಟಾಗ, ನಗರವನ್ನು ಜಾಲದಿಂದ ಬೇರ್ಪಡಿಸಿ ಉಳಿಸಿಕೊಳ್ಳುವ ಏರ್ಪಾಡೂ ನಿಲ್ಲಲಿಲ್ಲ. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತವು.

ಇಷ್ಟು ಕಾಲ ಈ ತಕ್ಕಡಿಯನ್ನು ತೂಗುವ ಕೆಲಸ ಒಂದೇ ತಟ್ಟೆಯ ಕಡೆಯಿಂದ ನಡೆಯುತ್ತಿತ್ತು. ಜನರು ತಮಗೆ ಬೇಕಾದಾಗ ಬೇಕಾದಷ್ಟು ಬಳಸುವರು. ವಿದ್ಯುದಾಗಾರಗಳು ಅದಕ್ಕೆ ತಕ್ಕಂತೆ ಏರಿಸುತ್ತ ಇಳಿಸುತ್ತ ಇರಬೇಕು. ಅದಕ್ಕೆ ನೀರಿನ ವಿದ್ಯುತ್ತಿನಷ್ಟು ಒದಗುವುದು ಬೇರೊಂದಿಲ್ಲ. 1915ರಲ್ಲಿ ಖೋಪೋಲಿಯಿಂದ ಮುಂಬಯಿಯ ಗಿರಣಿಗಳಿಗೆ ಬಂದದ್ದು ನೀರಿನ ಕರೆಂಟೇ. ನಮ್ಮ ಶರಾವತಿಯ ಯಂತ್ರಗಳಿಗೆ ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಜಾಲಕ್ಕೆ ಬಲ ಬರುತ್ತದೆ. ಕಲ್ಲಿದ್ದಲ ಆಗಾರಗಳು ಅಷ್ಟು ಚುರುಕಲ್ಲ. ಆದರೂ ಅವುಗಳ ಭಾರೀ ಚಕ್ರಗಳ ಓಟಕ್ಕೆ ಒಂದು ಜಡತ್ವವಿದೆ. ಸ್ವಿಚ್ಚು ಆರಿಸಿದ ಮೇಲೂ ಗ್ರೈಂಡರಿನ ಕಲ್ಲು ಒಂದೆರಡು ಸುತ್ತು ಹಾಕುವಂತೆ, ಆ ಚಕ್ರಗಳು ಮೊದಲ ಪೆಟ್ಟನ್ನು ತಾಳಿಕೊಂಡು ಉಳಿದ ಯಂತ್ರಗಳು ಎಚ್ಚರಗೊಳ್ಳಲು ಬಿಡುವು ಕೊಡುತ್ತವೆ.

ಈಗ ಸೂರ್ಯನ ಕರೆಂಟು ಬಂದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಮಳೆ ಕಾಣದ ಬಯಲಿನ ಮೇಲೆ 2,050 ಮೆಗಾವಾಟಿನ ಸೌರ ಹಲಗೆಗಳು ನಿಂತಿವೆ. ಇದು ಸಂತೋಷದ ಸಂಗತಿ. ಹೊಗೆಯಿಲ್ಲ, ಗಣಿಯಿಲ್ಲ. ಆದರೆ ಸೌರ ಹಲಗೆಯಲ್ಲಿ ತಿರುಗುವ ಚಕ್ರವಿಲ್ಲ. ತಾನಾಗಿ ಪೆಟ್ಟು ತಾಳುವ ಜಡತ್ವ ಅದಕ್ಕಿಲ್ಲ. ಮೋಡ ಬಂದರೆ ಅದು ಇಳಿಯುತ್ತದೆ. ಸಂಜೆ ಹೊತ್ತು ಮುಳುಗಿದಾಗ, ಮನೆಗಳಲ್ಲಿ ದೀಪ ಹತ್ತಿ ಹೋಟೆಲುಗಳಲ್ಲಿ ಗಿರಾಕಿ ತುಂಬುವ ಹೊತ್ತಿಗೇ ಅದು ಮಲಗುತ್ತದೆ. ಒಂದು ತಟ್ಟೆ ಹೀಗೆ ತಾನೇ ಅಲುಗತೊಡಗಿದ ಮೇಲೆ ಇನ್ನೊಂದು ತಟ್ಟೆಯನ್ನೂ ಕೈಯಲ್ಲಿ ಹಿಡಿಯದೆ ಗತಿಯಿಲ್ಲ. ಬೇಡಿಕೆಯನ್ನೇ ಕೊಂಚ ಹಿಂದುಮುಂದು ಮಾಡಿ ಆವರ್ತನವನ್ನು ಕಾಯುವ ಉಪಾಯ ಹುಟ್ಟಿದ್ದು ಈ ಅಗತ್ಯದಿಂದ.

ಉಪಾಯ ಹೊಸದೇನೂ ಅಲ್ಲ. ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದಲೂ ಮನೆಮನೆಯ ಬಿಸಿನೀರಿನ ಹಂಡೆಗಳನ್ನು ಹೀಗೆ ಬಳಸುತ್ತಿದ್ದಾರೆ. ವಿದ್ಯುತ್ ತಂತಿಯ ಮೂಲಕವೇ ಒಂದು ಸಂಕೇತ ಹೋಗುತ್ತದೆ. ಹಂಡೆ ಕಾಯಿಸುವ ಕರೆಂಟು ಕೊಂಚ ಹೊತ್ತು ನಿಲ್ಲುತ್ತದೆ. ಕಾದ ನೀರು ಕಾದೇ ಇರುವುದರಿಂದ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ದೊಡ್ಡ ಕಾರ್ಖಾನೆಗಳು ಹಣ ಪಡೆದು ಈ ಸೇವೆಗೆ ಸಿದ್ಧವಾಗಿರುತ್ತವೆ. ಅಲ್ಲಿಯ ಆವರ್ತನ 60, ಅದು 59.7ಕ್ಕೆ ಇಳಿದರೆ ರಿಲೇ ತಾನಾಗಿ ಅವುಗಳ ಯಂತ್ರಗಳನ್ನು ಜಾಲದಿಂದ ಬಿಡಿಸುತ್ತದೆ. 2008ರ ಫೆಬ್ರುವರಿ 26ರ ಸಂಜೆ ಅಲ್ಲಿ ಗಾಳಿ ಇಳಿದು ಬೇಡಿಕೆ ಏರಿದಾಗ, ಇಂಥ ಕಾರ್ಖಾನೆಗಳು ಹತ್ತೇ ನಿಮಿಷದಲ್ಲಿ ಸುಮಾರು 1,100 ಮೆಗಾವಾಟ್ ಭಾರವನ್ನು ಇಳಿಸಿ ಜಾಲವನ್ನು ಉಳಿಸಿದವು.

ನಮ್ಮ ದೇಶದಲ್ಲೂ ಬೇಡಿಕೆಯ ಬಲ ಎಷ್ಟೆಂಬುದು 2020ರ ಏಪ್ರಿಲ್ 5ರ ರಾತ್ರಿ ಕಂಡಿತು. ಕೊರೋನಾ ಬೀಗಮುದ್ರೆಯ ಕಾಲ. ಪ್ರಧಾನಿಯವರ ಕರೆಯಂತೆ ಜನರು 9 ಗಂಟೆಗೆ 9 ನಿಮಿಷ ದೀಪ ಆರಿಸಿದರು. ಬೇಡಿಕೆ ಸುಮಾರು 12,000ದಿಂದ 14,000 ಮೆಗಾವಾಟ್ ಇಳಿದೀತೆಂದು ಎಣಿಸಿದ್ದರೆ, ಇಳಿದದ್ದು ಸುಮಾರು 31,000 ಮೆಗಾವಾಟ್! ಮೊದಲೇ ಸಿದ್ಧವಾಗಿ ನಿಂತಿದ್ದ ಜಲವಿದ್ಯುತ್ ಯಂತ್ರಗಳನ್ನು ಚಕಚಕನೆ ಇಳಿಸಿ, ಮತ್ತೆ ಏರಿಸಿ, ಆವರ್ತನವನ್ನು 49.7ಕ್ಕೂ 50.26ಕ್ಕೂ ನಡುವೆ ಹಿಡಿದಿಟ್ಟವರು ನಮ್ಮ ವಿದ್ಯುತ್ ಕಾರ್ಮಿಕರು ಮತ್ತು ಇಂಜಿನಿಯರರು. ಎಚ್ಚರಿಕೆ ಇಲ್ಲದೆ ಹೀಗಾಗಿದ್ದರೆ ಅನಾಹುತವಾಗುತ್ತಿತ್ತು. ಕೋಟಿ ಕೈಗಳು ಸ್ವಿಚ್ಚು ಒತ್ತಿದರೆ ದೇಶದ ಶಾಫ್ಟು ಅಲ್ಲಾಡುತ್ತದೆ. ಅದೇ ಕೈಗಳು ಕ್ರಮದಿಂದ ಒತ್ತಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಅಂದಿನ ಪಾಠ ಇದು.

2022ರಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಹೊರಡಿಸಿದ ನಿಯಮಗಳು, ವಿದ್ಯುತ್ ಹುಟ್ಟಿಸುವವರಂತೆಯೇ ಬೇಡಿಕೆ ತಗ್ಗಿಸಬಲ್ಲವರೂ ಈ ಸಮತೋಲನದ ಸೇವೆ ಮಾಡಿ ಹಣ ಪಡೆಯಬಹುದೆಂದು ಬಾಗಿಲು ತೆರೆದಿವೆ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಹೊತ್ತಿಗೊಂದು ದರ ಎಂಬುದು ಗಂಟೆಗಳ ಲೆಕ್ಕ. ಸಂಜೆಯ ಕೆಲಸವನ್ನು ಹಗಲಿಗೆ ಸರಿಸುವ ಉಪಾಯ. ಆವರ್ತನ ಕಾಯುವುದು ಸೆಕೆಂಡು ನಿಮಿಷಗಳ ಲೆಕ್ಕ; ಅಂಕೆ ಇಳಿದ ಕೂಡಲೆ ಯಂತ್ರವೊಂದು ತಾನಾಗಿ ತುಸು ಹೊತ್ತು ತಡೆಯುವ ಉಪಾಯ. ಎರಡೂ ಒಂದೇ ತಕ್ಕಡಿಗಾಗಿ. ಆದರೆ ಕಾರ್ಮಿಕನ ಮೇಲೆ ಎರಡರ ಪರಿಣಾಮ ಒಂದೇ ಅಲ್ಲ.

ಎರಡನೆಯದರಲ್ಲಿ ನಮ್ಮ ಹೋಟೆಲುಗಳು ಎಷ್ಟು ಕೊಡಬಲ್ಲವು? ದೊಡ್ಡ ಫ್ರೀಜರಿನ ಬಾಗಿಲು ತೆರೆಯದಿದ್ದರೆ ಹತ್ತು ನಿಮಿಷ ಕರೆಂಟಿಲ್ಲದೆಯೂ ಅದು ತಣ್ಣಗೆ ಇರುತ್ತದೆ. ಮಾಳಿಗೆಯ ತೊಟ್ಟಿಗೆ ನೀರೇರಿಸುವ ಪಂಪು ಈಗ ಓಡದಿದ್ದರೆ ಅರ್ಧ ಗಂಟೆಯ ಮೇಲೆ ಓಡೀತು. ಗೀಸರಿನ ನೀರು ಒಮ್ಮೆ ಕಾದರೆ ಬೇಗ ಆರದು. ಎ.ಸಿ. ಕೋಣೆ ಐದು ನಿಮಿಷಕ್ಕೆ ಕಾಯುವುದಿಲ್ಲ. ಹೋಟೆಲೊಂದಕ್ಕೆ 2 ಕಿಲೋವಾಟ್ ಹೀಗೆ ತಡೆಯಬಹುದೆಂದು ಹಿಡಿದರೆ, 50,000 ಹೋಟೆಲುಗಳಿಂದ 100 ಮೆಗಾವಾಟ್ ಆಗುತ್ತದೆ. ಶರಾವತಿ ವಿದ್ಯುದಾಗಾರದ ಒಂದು ಯಂತ್ರದ ಬಲ 103.5 ಮೆಗಾವಾಟ್ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿದೀತು. ಹನಿಗೂಡಿ ಹಳ್ಳ ಎಂಬ ಗಾದೆ ಸುಳ್ಳಲ್ಲ. ಇದರಲ್ಲಿ ಒಬ್ಬ ಮಾಣಿಯ ಬೆವರೂ ಹೆಚ್ಚು ಹರಿಯುವುದಿಲ್ಲ, ಒಬ್ಬ ಭಟ್ಟರ ನಿದ್ದೆಯೂ ಕೆಡುವುದಿಲ್ಲ. ಇಂಥದನ್ನು ನಾವು ಮನಃಪೂರ್ವಕವಾಗಿ ಬೆಂಬಲಿಸುತ್ತೇವೆ.

ಆದರೆ ಎಲ್ಲ ಯಂತ್ರವೂ ಫ್ರೀಜರಲ್ಲ. ಒಲೆಯ ಮೇಲಿನ ಹೊಗೆ ಸೆಳೆಯುವ ಫ್ಯಾನು ನಿಂತರೆ ಅಡಿಗೆಮನೆಯಲ್ಲಿ ನಿಂತವನಿಗೆ ಉಸಿರುಗಟ್ಟುತ್ತದೆ. ಮೆಟ್ಟಿಲ ದೀಪ, ಲಿಫ್ಟು, ಬೆಂಕಿಯ ಎಚ್ಚರಿಕೆ ಗಂಟೆ ಇವು ಮುಟ್ಟತಕ್ಕವುಗಳಲ್ಲ. ಮಗ್ಗ ಅರೆಬರೆ ನಿಂತರೆ ಬಟ್ಟೆಯಲ್ಲಿ ಗುರುತು ಬೀಳುತ್ತದೆ, ನೂಲು ಹರಿಯುತ್ತದೆ. ಬಣ್ಣದ ಖಾತೆಯಲ್ಲಿ ನಡುವೆ ನಿಲ್ಲಿಸಿದರೆ ಇಡೀ ತಾಕು ಕೆಡುತ್ತದೆ. ಆ ದೋಷದ ದಂಡ ಕೊನೆಗೆ ಯಾರ ಪಗಾರದಿಂದ ಮುರಿಯಲ್ಪಡುತ್ತದೆಂಬುದು ನಮ್ಮ ಬಂಧುಗಳಿಗೆ ಗೊತ್ತು.

ಬೇಡಿಕೆಯನ್ನು ಬಗ್ಗಿಸುವ ಕೆಲಸ ನಮ್ಮ ದೇಶದಲ್ಲಿ ಹಿಂದಿನಿಂದಲೂ ನಡೆದೇ ಇದೆ. ಅದರ ಹೆಸರು ಲೋಡ್ ಶೆಡ್ಡಿಂಗ್. ಕೇಳದೆ, ಕೊಡದೆ, ಒಂದು ಪ್ರದೇಶದ ಫೀಡರನ್ನೇ ಎಳೆದುಬಿಡುವುದು. ಜಾಲ ಉಳಿಯುತ್ತಿತ್ತು, ಸರಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ತಪ್ಪು ಎಲ್ಲಿಯದೋ, ಬರೆ ಬಿದ್ದದ್ದು ಭಿವಂಡಿ, ಇಚಲಕರಂಜಿ, ಮಾಲೇಗಾಂವಿನ ಪವರ್‌ಲೂಮ್ ಕೆಲಸಗಾರನಿಗೆ. ಅವನಿಗೆ ಕೂಲಿ ನೇಯ್ದ ಮೀಟರಿನ ಲೆಕ್ಕದಲ್ಲಿ. ಕರೆಂಟು ಹೋದ ಗಂಟೆಗಳಲ್ಲಿ ಅವನು ಮಗ್ಗದ ಪಕ್ಕದಲ್ಲೇ ಕಾದು ಕೂತಿರುತ್ತಾನೆ, ಕಾದದ್ದಕ್ಕೆ ಕಾಸಿಲ್ಲ. ದೇಶದ ಆವರ್ತನವನ್ನು ಅವನು ತನ್ನ ಊಟದಿಂದ ತೂಗಿಸಿಕೊಟ್ಟ. ಅವನಿಗೆ ಯಾರೂ ಅದಕ್ಕಾಗಿ ಒಂದು ಮಾತು ಹೇಳಲಿಲ್ಲ.

ಪುಣೆಯ ಪಿಂಪ್ರಿ, ಚಿಂಚ್‌ವಡ, ಭೋಸರಿಯ ಕಡೆ ದುಡಿಯುವ ಕನ್ನಡಿಗರಿಗೆ ಇನ್ನೊಂದು ಉದಾಹರಣೆ ಗೊತ್ತಿದೆ. ಅಲ್ಲಿ ಎಷ್ಟೋ ಕಾರ್ಖಾನೆಗಳ ವಾರದ ರಜೆ ಗುರುವಾರ. ಎಲ್ಲ ಕಾರ್ಖಾನೆಗಳೂ ಒಂದೇ ದಿನ ಓಡಿ ಒಂದೇ ದಿನ ನಿಂತರೆ ಭಾರ ಏರುಪೇರಾಗುತ್ತದೆಂದು ರಜೆಗಳನ್ನು ಬೇರೆ ಬೇರೆ ದಿನಗಳಿಗೆ ಹಂಚಿದ್ದರ ಫಲ ಅದು. ಯೋಜನೆ ಒಳ್ಳೆಯದೇ. ಆದರೆ ಮಕ್ಕಳ ಶಾಲೆಗೆ ರಜೆ ಭಾನುವಾರ, ತಂದೆಗೆ ಗುರುವಾರ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ದಿನ ಕ್ಯಾಲೆಂಡರಿನಿಂದಲೇ ಹಾರಿಹೋಯಿತು. ವಿದ್ಯುತ್ತಿನ ಲೆಕ್ಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಈಗ ಹೋಟೆಲಿಗೆ ಬರೋಣ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಸಿಗುವ ಒಂದೆರಡು ಗಂಟೆ ಇದೆಯಲ್ಲ, ಅದೇ ಅವನ ಇಡೀ ದಿನದ ಆಸ್ತಿ. ಆಗಲೇ ಅವನು ಮಾಳಿಗೆಯಲ್ಲೋ ಬೆಂಚಿನ ಮೇಲೋ ಬೆನ್ನು ಚಾಚುತ್ತಾನೆ, ಬಟ್ಟೆ ಒಗೆಯುತ್ತಾನೆ, ಊರಿಗೆ ಫೋನು ಮಾಡುತ್ತಾನೆ, ಓದುವ ಹುಡುಗನಾದರೆ ಪುಸ್ತಕ ಬಿಚ್ಚುತ್ತಾನೆ. ಹೊಸ ದರದಲ್ಲಿ ಅಗ್ಗದ ಹೊತ್ತು ಯಾವುದು? ಅದೇ ಬಿಸಿಲಿನ ಹೊತ್ತು! ಸಂಜೆಯ ರುಬ್ಬುವ ಕೆಲಸವನ್ನು ಮಧ್ಯಾಹ್ನಕ್ಕೆ ತಂದರೆ ಧನಿಗೆ ಬಿಲ್ಲಿನಲ್ಲಿ ಉಳಿತಾಯ, ದೇಶದ ಜಾಲಕ್ಕೆ ಸಂಜೆಯ ಭಾರ ಕಡಿಮೆ. ಆದರೆ ಆ ಉಳಿತಾಯದ ಮೂಲ ನಮ್ಮವನ ನಿದ್ದೆ. ಸಂಜೆ ಆರಕ್ಕೆ ಅವನು ಮತ್ತೆ ತಟ್ಟೆ ಹಿಡಿದು ನಿಲ್ಲಲೇಬೇಕು, ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಲೇಬೇಕು.

ಹಾಗೆಂದು ಈ ಪದ್ಧತಿಯನ್ನೇ ವಿರೋಧಿಸಿ ಬಾವುಟ ಹಿಡಿಯಿರಿ ಎಂದು ನಾವು ಹೇಳುವುದಿಲ್ಲ. ಜಾಲ ಬಿದ್ದರೆ ಮೊದಲು ಕತ್ತಲಾಗುವುದು ಬಡವನ ಖೋಲಿ. ಇನ್ವರ್ಟರು ಜನರೇಟರುಗಳಿದ್ದವರ ಬಂಗಲೆಗಳಲ್ಲ. ತಕ್ಕಡಿ ಸಮನಾಗಿರುವುದರಲ್ಲಿ ನಮ್ಮ ಹಿತವೇ ಹೆಚ್ಚಾಗಿದೆ. ನಮ್ಮ ವಾದ ಇಷ್ಟೇ: ಬಗ್ಗುವುದಾದರೆ ಯಂತ್ರ ಬಗ್ಗಲಿ, ತೊಟ್ಟಿಯ ನೀರು ಬಗ್ಗಲಿ, ಫ್ರೀಜರಿನ ತಂಪು ಬಗ್ಗಲಿ. ಮನುಷ್ಯನ ಬೆನ್ನು ಈಗಾಗಲೇ ಸಾಕಷ್ಟು ಬಗ್ಗಿದೆ. ಅದನ್ನು ಇನ್ನೂ ಬಗ್ಗಿಸಲೇಬೇಕಾದ ಕಡೆ ಅವನನ್ನು ಕೇಳಿ, ಅವನ ಪಾಲನ್ನು ಅವನಿಗೆ ಕೊಟ್ಟು ಬಗ್ಗಿಸತಕ್ಕದ್ದು.

ಇದಕ್ಕೆ ನಾಲ್ಕು ಸಂಗತಿಗಳು ಆಗಬೇಕು. ಮೊದಲನೆಯದಾಗಿ, ಯಾವ ಯಂತ್ರಗಳು ಈ ಯೋಜನೆಗೆ ಸೇರುತ್ತವೆ, ಯಾವುವು ಸೇರುವುದಿಲ್ಲವೆಂಬ ಪಟ್ಟಿಯನ್ನು ಅಲ್ಲಿಯ ಕೆಲಸಗಾರರೊಡನೆ ಕೂತು ಮಾಡಬೇಕು. ಹೊಗೆ ಫ್ಯಾನು ಯಾವುದು, ಎಲ್ಲಿದೆ ಎಂಬುದು ಲೆಕ್ಕದ ಕೋಣೆಯವರಿಗಿಂತ ಭಟ್ಟರಿಗೆ ಚೆನ್ನಾಗಿ ಗೊತ್ತು. ಎರಡನೆಯದಾಗಿ, ಕರೆಂಟನ್ನು ತಡೆದ ನಿಮಿಷಗಳನ್ನು ದುಡಿದ ನಿಮಿಷಗಳೆಂದೇ ಎಣಿಸಬೇಕು. ಮೀಟರಿನ ಲೆಕ್ಕದಲ್ಲಿ ದುಡಿಯುವವನಿಗೆ ಆ ಹೊತ್ತಿನ ಸರಾಸರಿ ಕೂಲಿ ಕೊಡಬೇಕು. ಆ ಕಾರಣದಿಂದ ಕೆಟ್ಟ ಬಟ್ಟೆಗೆ ದಂಡ ಕೂಡದು. ಮೂರನೆಯದಾಗಿ, ದರದ ಕಾರಣದಿಂದ ಕೆಲಸದ ಹೊತ್ತು ಬದಲಾದರೆ ಹೋದ ವಿಶ್ರಾಂತಿಗೆ ಬದಲು ವಿಶ್ರಾಂತಿ ಅದೇ ದಿನ ಸಿಗಬೇಕು. ಮಧ್ಯಾಹ್ನ ರುಬ್ಬಿದವನು ಸಂಜೆ ತಡವಾಗಿ ಬರಲಿ, ಇಲ್ಲವೇ ರಾತ್ರಿ ಬೇಗ ಹೋಗಲಿ. ನಾಲ್ಕನೆಯದಾಗಿ, ಈ ಸೇವೆಯಿಂದ ಬಂದ ಹಣದಲ್ಲಿ, ಬಿಲ್ಲಿನಲ್ಲಿ ಉಳಿದ ಹಣದಲ್ಲಿ, ಕಾರ್ಮಿಕರಿಗೆ ಒಂದು ಗೊತ್ತಾದ ಪಾಲು ಇರಬೇಕು.

ಹೋಟೆಲ್ ಧನಿಗಳು ಇದಕ್ಕೆ ಹೇಳುವ ಉತ್ತರ ನಮಗೆ ಗೊತ್ತಿಲ್ಲದ್ದಲ್ಲ. ಗ್ಯಾಸಿನ ಬೆಲೆ, ಬಾಡಿಗೆ, ಬೇಳೆಯ ದರ ಎಲ್ಲವೂ ಏರಿದೆ. ಉಳಿದ ನಾಲ್ಕು ಕಾಸಿನಲ್ಲೂ ಪಾಲು ಕೇಳಿದರೆ ಹೇಗೆ ಎಂದು ಅವರು ಕೇಳಬಹುದು. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ನಮ್ಮಂತೆಯೇ ಲೋಟ ತೊಳೆದವರು. ಅವರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಉಳಿತಾಯ ಮೀಟರಿನಿಂದ ತಾನಾಗಿ ಉದುರಿದ್ದಲ್ಲ. ಹೊತ್ತು ನೋಡಿ ಸ್ವಿಚ್ಚು ಹಾಕಿದ, ಫ್ರೀಜರಿನ ಬಾಗಿಲು ತೆರೆಯದೆ ಕಾದ, ಮಧ್ಯಾಹ್ನ ಎದ್ದು ಬಂದ ಕೈಗಳಿಂದ ಬಂದದ್ದು. ಕೈಗಳಿಗೆ ಪಾಲು ಸಿಕ್ಕರೆ ಉಳಿತಾಯವೂ ಹೆಚ್ಚೀತು. ಪಾಲು ಸಿಗದಿದ್ದರೆ ಹೊತ್ತು ನೋಡಿ ಸ್ವಿಚ್ಚು ಹಾಕುವ ಶ್ರದ್ಧೆ ಎಲ್ಲಿಂದ ಬಂದೀತು?

ಸರಕಾರಕ್ಕೂ ನಿಯಂತ್ರಣ ಆಯೋಗಗಳಿಗೂ ನಮ್ಮದೊಂದು ಮಾತಿದೆ. ದರ ಗೊತ್ತುಮಾಡುವಾಗ ಆಯೋಗಗಳು ಸಾರ್ವಜನಿಕರ ಅಭಿಪ್ರಾಯ ಕೇಳುತ್ತವೆ. ಅಲ್ಲಿಗೆ ಕಂಪನಿಗಳ ವಕೀಲರು ಬರುತ್ತಾರೆ, ಕೈಗಾರಿಕೆಗಳ ಪ್ರತಿನಿಧಿಗಳು ಬರುತ್ತಾರೆ. ಕಾರ್ಮಿಕ ಸಂಘಗಳು ಹೋಗುವುದು ಕಡಿಮೆ. ಇನ್ನು ಮುಂದೆ ಹೋಗಬೇಕು. ಅರ್ಜಿ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಮ್ಮ ಬಂಧುಗಳು ಮಾಡಬೇಕಾದದ್ದೂ ಇದೆ. ಈ ವಿದ್ಯೆಯನ್ನು ಕಲಿಯಿರಿ. ನಿಮ್ಮ ಹೋಟೆಲಿನಲ್ಲಿ, ಗಿರಣಿಯಲ್ಲಿ ಯಾವ ಯಂತ್ರ ಎಷ್ಟು ಕಿಲೋವಾಟಿನದೆಂದು ಅದರ ತಗಡಿನ ಮೇಲೆ ಬರೆದಿರುತ್ತದೆ, ಓದಿ ಬರೆದಿಟ್ಟುಕೊಳ್ಳಿರಿ. ಖೋಲಿಗೆ ಹೊಸ ಮೀಟರು ಬಂದಿದ್ದರೆ ಬಿಲ್ಲಿನಲ್ಲಿ ಹೊತ್ತಿನ ಲೆಕ್ಕ ಹೇಗಿದೆಯೆಂದು ನೋಡಿರಿ. ಓದಲು ಬಾರದವರಿಗೆ ಬಲ್ಲವರು ಓದಿ ಹೇಳಲಿ. ಹೊತ್ತು ಬದಲಾಯಿಸುವ ಮಾತು ಧನಿಗಳಿಂದ ಬಂದ ದಿನ ಒಬ್ಬೊಬ್ಬರಾಗಿ ಹೂಂಗುಟ್ಟಬೇಡಿರಿ, ಒಬ್ಬೊಬ್ಬರಾಗಿ ಸಿಡುಕಲೂಬೇಡಿರಿ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಟ್ಟಾಗಿ ಕೂತು ಮಾತಾಡಿರಿ. ದೇಶದ ಶಾಫ್ಟು ನೆಟ್ಟಗೆ ತಿರುಗಬೇಕೆಂಬುದು ನಮ್ಮ ಇಚ್ಛೆಯೂ ಹೌದು. ಅದನ್ನು ನೆಟ್ಟಗೆ ಹಿಡಿದ ಕೈಗಳ ಲೆಕ್ಕವನ್ನೂ ಬರೆದಿಡಬೇಕೆಂಬುದು ನಮ್ಮ ಹಕ್ಕು.